ಹರಳು ತೊಳೆಯೋಕೆ ಅಲ್ಟ್ರಾಸಾನಿಕ್ ಕ್ಲೀನರ್: ಕೊಡಗಿನ ಕೆಂಪು ಮಣ್ಣಲ್ಲಿ ಬಳಸಿ ನೋಡಿದ ರಿವ್ಯೂ

ಕನ್ನಡಕ, ಒಡವೆ ತೊಳೆಯೋಕೆ ಅಂತ ಆನ್‌ಲೈನಲ್ಲಿ ಮಾರೋ ಪುಟ್ಟ ಅಲ್ಟ್ರಾಸಾನಿಕ್ ಕ್ಲೀನರ್ ಇದೆಯಲ್ಲ, 600 ಎಂಎಲ್ ಸ್ಟೀಲ್ ತೊಟ್ಟಿ, 40 ಕಿಲೋಹರ್ಟ್ಸ್, 35 ವ್ಯಾಟ್, ಅದನ್ನ ನಾನು ಹರಳು ತೊಳೆಯೋಕಂತಲೇ ಇಟ್ಕೊಂಡಿದೀನಿ. ಹೆಚ್ಚುಕಮ್ಮಿ ಇದೇ ಡಬ್ಬ ನಾಲ್ಕೈದು ಬ್ರ್ಯಾಂಡ್ ಹೆಸರಲ್ಲಿ ಸಿಗುತ್ತೆ, ಅದಕ್ಕೆ ಹೆಸರು ಬರೀತಿಲ್ಲ. ಮಣ್ಣು ತೆಗೆಯೋಕೆ ಇದಕ್ಕಿಂತ ಒಳ್ಳೇದು ನಾನು ನೋಡಿಲ್ಲ, ಆದ್ರೆ ಕಲ್ಲಿಗೆ ಹಿಡಿದ ಕಬ್ಬಿಣದ ಕರೆ ತೆಗೆಯೋದು ಇದರ ಕೈಲಾಗಲ್ಲ, ಪಾಲಿಶ್ ಅಂತೂ ಕೇಳಲೇಬೇಡಿ.

ನಮ್ಮ ಕಡೆ ಹರಳು ಸಿಗೋದು ತೋಟದ ರಸ್ತೆ ಕೊರೆದಾಗ, ಕೆರೆ ತೆಗ್ದಾಗ ಜೆಸಿಬಿ ಎತ್ತಿ ಹಾಕಿದ ಮಣ್ಣಲ್ಲಿ, ಇಲ್ಲಾಂದ್ರೆ ಮಳೆ ಬಿಟ್ಟ ಮೇಲೆ ತೋಡಿನ ಬದಿಯಲ್ಲಿ. ಬಿಳಿ ಸ್ಫಟಿಕದ ತುಂಡು, ಅಪರೂಪಕ್ಕೆ ತುದಿ ಇರೋ ಸ್ಫಟಿಕ, ಮತ್ತೆ ದಾಳಿಂಬೆ ಕಾಳಿನ ಬಣ್ಣದ ಗಾರ್ನೆಟ್. ಕೊಡಗಲ್ಲಿ ಹರಳು ಕಲ್ಲು ಅಂದ ತಕ್ಷಣ ಕಾಡೊಳಗೆ ಕಳ್ಳತನದಲ್ಲಿ ಗುಂಡಿ ತೋಡೋ ದಂಧೆನೇ ಜನಕ್ಕೆ ನೆನಪಾಗೋದು, ಅದಕ್ಕೆ ಹೇಳ್ತಿದೀನಿ, ನಿಮ್ಮ ತೋಟದಲ್ಲೋ, ತೋಟದವರನ್ನ ಕೇಳ್ಕೊಂಡೋ ಆರಿಸಿ. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಅಭಯಾರಣ್ಯ, ನಾಗರಹೊಳೆ ಇಲ್ಲಿಂದೆಲ್ಲ ಒಂದು ಕಲ್ಲೂ ತರಬೇಡಿ. 2018ರ ಆಗಸ್ಟಲ್ಲಿ ಕುಸಿದ ಬರೆಗಳ ಹತ್ರ ಕೆರೆಯೋಕೂ ಹೋಗ್ಬೇಡಿ, ಜೀವಕ್ಕಿಂತ ಕಲ್ಲು ದೊಡ್ಡದಲ್ಲ.

ಮಷಿನ್ ವಿಷಯಕ್ಕೆ ಬರೋಣ. ತೊಟ್ಟಿ ತಳ ಸೆಕೆಂಡಿಗೆ 40,000 ಸಲ ನಡುಗುತ್ತೆ, ಆಗ ನೀರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು ಹುಟ್ಟಿ ಒಡೀತಾ ಇರುತ್ವೆ, ಆ ಒಡೆತನೇ ಸಂದಿಯೊಳಗಿನ ಮಣ್ಣನ್ನ ಕೀಳೋದು. ಗಾರ್ನೆಟ್ ಒಂದಕ್ಕೊಂದು ಅಂಟಿ ಬೆಳೆದಿರೋ ಗೊಂಚಲಲ್ಲಿ ಹಲ್ಲುಜ್ಜೋ ಬ್ರಶ್ಶಿನ ಕೂದಲು ಹೋಗದ ಜಾಗ ಇರುತ್ತೆ ನೋಡಿ, ಅಲ್ಲಿಂದ ಕೆಂಪು ಹೊಗೆ ಥರ ಮಣ್ಣು ಎದ್ದು ಬರೋದನ್ನ ನೋಡೋದೇ ಒಂದು ಖುಷಿ. ಮೊದ್ಲು ರಾತ್ರಿ ಪೂರ್ತಿ ನೀರಲ್ಲಿ ನೆನೆಸಿಡಿ, ದಪ್ಪ ಮಣ್ಣು ಕೈಯಲ್ಲೇ ತೆಗೀರಿ, ಆಮೇಲೆ ಎರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಬಿಡಿ.

ಕಲ್ಲನ್ನ ನೇರ ತೊಟ್ಟಿ ತಳಕ್ಕೆ ಇಡಬಾರದು, ತಳ ಸವೆಯುತ್ತೆ. ಜೊತೆಗೆ ಕೊಡೋ ಪ್ಲಾಸ್ಟಿಕ್ ಬುಟ್ಟಿ ಅರ್ಧ ಶಕ್ತಿ ನುಂಗುತ್ತೆ ಅನ್ಸುತ್ತೆ ನಂಗೆ. ತೊಟ್ಟಿಗೆ ನೀರು ತುಂಬಿ, ಕಲ್ಲು ಮತ್ತೆ ಸೋಪು ನೀರು ಹಾಕಿದ ಗಾಜಿನ ಲೋಟನ ತಳ ತಾಗದ ಹಾಗೆ ಅದರೊಳಗೆ ಇಳಿಬಿಟ್ರೆ ಗಾಜಿನ ಮೂಲಕವೂ ಕಂಪನ ಚೆನ್ನಾಗಿ ಹೋಗುತ್ತೆ, ಕೆಸರೆಲ್ಲ ಲೋಟದಲ್ಲೇ ಉಳಿಯುತ್ತೆ, ತೊಟ್ಟಿನೂ ಕ್ಲೀನ್.

ಎಲ್ಲಾ ಕಲ್ಲಿಗೂ ಇದು ಆಗಲ್ಲ. ಗಾರ್ನೆಟ್‌ಗೆ ಪದರ ಪದರವಾಗಿ ಸೀಳೋ ಗುಣ ಇಲ್ಲ, ಹಾಗಾಗಿ ಗಟ್ಟಿ ಗಾರ್ನೆಟ್ ಧೈರ್ಯವಾಗಿ ಹಾಕಿ. ಕಯನೈಟ್, ಅಭ್ರಕ, ಕ್ಯಾಲ್ಸೈಟ್ ಬೇಡ, ಸೀಳ್ತವೆ. ಒಳಗೆ ಬಿರುಕೋ ನೀರಿನ ಗುಳ್ಳೆನೋ ಇರೋ ಸ್ಫಟಿಕವೂ ಬೇಡ.

ಬೈಬೇಕಾಗಿರೋದು ಅಂದ್ರೆ ಟೈಮರ್. ಮೂರು ನಿಮಿಷಕ್ಕೆ ತಾನೇ ಆಫ್ ಆಗುತ್ತೆ, ಮತ್ತೆ ಮತ್ತೆ ಒತ್ತುತಾ ಕೂರಬೇಕು, ನಾಲ್ಕೈದು ಸಲ ಆದ್ಮೇಲೆ ಬಿಸಿಯಾಗುತ್ತೆ, ಆರೋಕೆ ಬಿಡಬೇಕು. ಕೀಂಯ್ ಅನ್ನೋ ಸದ್ದಿಗೆ ನಮ್ಮನೆ ನಾಯಿ ಎದ್ದು ಹೊರಗೆ ಹೋಗುತ್ತೆ. ಮುಷ್ಟಿಗಿಂತ ದೊಡ್ಡ ಕಲ್ಲಿಗೆ ಜಾಗನೂ ಸಾಲಲ್ಲ.

ಇನ್ನು ಕರೆ. ಜಂಬಿಟ್ಟಿಗೆ ಮಣ್ಣಿನ ಕಬ್ಬಿಣ ಸ್ಫಟಿಕದ ಮೈಗೆ ಹಳದಿ, ಕಂದು ಬಣ್ಣದಲ್ಲಿ ಕೂತಿರುತ್ತೆ, ಅದು ಯಾವ ಗುಳ್ಳೆಗೂ ಬಗ್ಗಲ್ಲ. ಅದಕ್ಕೆ ಆಕ್ಸಾಲಿಕ್ ಆಸಿಡ್ ಪುಡಿ ಬೇಕು. ಕರಗಿಸೋ ನೀರು ಗಡಸಾಗಿದ್ರೆ ಅದರಲ್ಲಿರೋ ಕ್ಯಾಲ್ಸಿಯಂ ಸೇರ್ಕೊಂಡು ಕಲ್ಲಿನ ಮೇಲೆ ಬಿಳಿ ಪೊರೆ ಕೂರುತ್ತೆ, ಅದಕ್ಕೇ ಎಲ್ಲರೂ ಡಿಸ್ಟಿಲ್ಡ್ ವಾಟರ್ ತಗೊಳ್ಳಿ ಅಂತಾರೆ. ನಮ್ಮ ಊರಲ್ಲಿ ಜೂನಿಂದ ಮೇಲಿಂದಲೇ ಸುರಿಯುತ್ತಲ್ಲ! ಮಾಡಿನ ನೀರಲ್ಲ, ಅಂಗಳದಲ್ಲಿ ಬಯಲಿಗೆ ಬಕೆಟ್ ಇಟ್ಟು ಹಿಡಿದ ಮಳೆನೀರು, ಅದರಲ್ಲಿ ನಂಗೆ ಬಿಳಿ ಪೊರೆ ಬಂದಿಲ್ಲ. ಆಸಿಡ್ ಕರಗಿಸಿದ ನೀರಲ್ಲಿ ಕಲ್ಲು ಮುಳುಗಿಸಿ ಪ್ಲಾಸ್ಟಿಕ್ ಡಬ್ಬದಲ್ಲಿ ಕೆಲವು ದಿನ ಮುಚ್ಚಿಡಿ, ನೀರು ಹಸಿರು ಹಳದಿಗೆ ತಿರುಗಿದ್ರೆ ಕಬ್ಬಿಣ ಬಿಡ್ತಿದೆ ಅಂತ ಅರ್ಥ. ಇದು ವಿಷ, ಹುಷಾರು, ಗ್ಲೌಸ್ ಕನ್ನಡಕ ಹಾಕ್ಕೊಳ್ಳಿ, ಅಡುಗೆಮನೆಲಿ ಮಾಡ್ಬೇಡಿ, ಕುದಿಸ್ಬೇಡಿ, ಮಷಿನ್ ತೊಟ್ಟಿಗೆ ಹಾಕ್ಬೇಡಿ, ಮಕ್ಕಳಿಗೆ ದನಕ್ಕೆ ಸಿಗದ ಕಡೆ ಇಡಿ. ಆದ್ಮೇಲೆ ಕಲ್ಲನ್ನ ನೀರು ಬದಲಾಯಿಸ್ತಾ ಅಷ್ಟೇ ದಿನ ನೆನೆಸಿ. ಉಳಿದ ಆಸಿಡ್‌ಗೆ ಅಡುಗೆ ಸೋಡಾ ಹಾಕ್ತಾ ಹೋಗಿ, ನೊರೆ ನಿಂತ ಮೇಲೆ ಅರಳಿಸಿದ ಸುಣ್ಣ ಕಲಸಿ. ತೋಡಿಗೆ ಅಂತೂ ಸುರೀಲೇಬೇಡಿ, ಅದು ಕೊನೆಗೆ ಕಾವೇರಿಗೇ ಸೇರೋ ನೀರು.

ಇನ್ನು ಕಲ್ಲು ಪಾಲಿಶ್ ಮಾಡೋ ಟಂಬ್ಲರ್ ತಗೊಳ್ಳಾ ಅಂತ ಕೇಳೋರಿಗೆ. ಅದು ತಿರುಗೋ ಡ್ರಮ್ಮು, 60/90 ನಂಬರಿನ ತರಿ ತರಿ ಸಿಲಿಕಾನ್ ಕಾರ್ಬೈಡ್ ಪುಡಿಯಿಂದ ಶುರು ಮಾಡಿ ಇನ್ನೂ ನುಣ್ಣಗಿನ 120/220, 500, ಆಮೇಲೆ ಪಾಲಿಶ್ ಪುಡಿ, ಒಂದೊಂದಕ್ಕೂ ಸುಮಾರು ಒಂದು ವಾರ ನಿಲ್ಲದೆ ತಿರುಗಬೇಕು. ಗಾಳಿ ಮಳೆಗೆ ದಿನಗಟ್ಟಲೆ ಕರೆಂಟ್ ಹೋಗೋ ಊರಲ್ಲಿ ಅದೇ ದೊಡ್ಡ ಕಷ್ಟ. ಒಡೆದ ಸ್ಫಟಿಕದ ತುಂಡಿಗೆ ಸರಿ, ಚೆಂದನೇ ಆಗುತ್ತೆ. ಆದ್ರೆ ಮುಖ ಇರೋ ಹರಳನ್ನ ದಯವಿಟ್ಟು ಹಾಕ್ಬೇಡಿ. ಗಾರ್ನೆಟ್‌ನ ಹನ್ನೆರಡೋ ಇಪ್ಪತ್ನಾಲ್ಕೋ ಮುಖ, ಸ್ಫಟಿಕದ ಆರು ಬದಿಯ ಮೇಲೆ ಅಡ್ಡಡ್ಡ ಓಡೋ ಸಣ್ಣ ಗೆರೆ, ಇದೆಲ್ಲ ಅದು ಬೆಳೆದ ಗುರುತು, ನೆಲದೊಳಗೇ ಬಂದ ಹೊಳಪು. ಡ್ರಮ್ಮಿಂದ ತೆಗ್ದಾಗ ಕೈಗೆ ಸಿಗೋದು ನುಣ್ಣಗಿನ ಉಂಡೆ, ಅಂಥದ್ದು ಯಾವ ಅಂಗಡೀಲೂ ಸಿಗುತ್ತೆ.

ಮೂರು ಸಾವಿರದೊಳಗೆ ಸಿಕ್ಕಿದ್ರೆ ಅಲ್ಟ್ರಾಸಾನಿಕ್ ತಗೊಳ್ಳಿ, ಐದರಲ್ಲಿ ನಾಲ್ಕು ಕೊಡ್ತೀನಿ, ಒಂದು ಕಡಿಮೆ ಆಗಿದ್ದು ಟೈಮರ್‌ಗೆ. 35 ವ್ಯಾಟ್ ಆಗಿರೋದ್ರಿಂದ ಮನೆ ಇನ್ವರ್ಟರಲ್ಲೂ ಆರಾಮಾಗಿ ಓಡುತ್ತೆ. ನೀರಿಲ್ಲದೆ ಆನ್ ಮಾಡ್ಬೇಡಿ, ತಳದ ಪ್ಲೇಟ್ ಹೋದ್ರೆ ನಮ್ಮ ಕಡೆ ರಿಪೇರಿ ಮಾಡೋರು ಸಿಗೋದು ಕಷ್ಟ.