ಬೂದು ರೇಷ್ಮೆ ಕೋಳಿಗೆ ಯಾವ ಜೋಡಿ: ಮೂರು ಗೂಡಿನ ಲೆಕ್ಕ

ಶಿಡ್ಲಘಟ್ಟದ ಕಡೆ ರೇಷ್ಮೆ ಅಂದರೆ ಹುಳು, ಗೂಡು, ಹಿಪ್ಪುನೇರಳೆ ಸೊಪ್ಪು. ನಮ್ಮ ಹಳೇ ಹುಳು ಮನೆಯಲ್ಲಿ ಈಗ ಇರುವುದು ನೂಲಿನಂಥ ಪುಕ್ಕದ ಸಿಲ್ಕಿ ಕೋಳಿ. ಊರಿನವರ ಬಾಯಲ್ಲಿ ರೇಷ್ಮೆ ಕೋಳಿ. ಕೊಳ್ಳಲು ಬರುವವರು ಹೆಚ್ಚಾಗಿ ಕೇಳುವುದು ಬೂದು ಬಣ್ಣದ್ದು, ಸಾಕುವವರ ಮಾತಿನಲ್ಲಿ ‘ಬ್ಲೂ’. ಅದನ್ನು ಪಡೆಯಲು ಎರಡು ದಾರಿ ಹಿಡಿದು ಪಕ್ಕಪಕ್ಕದ ಗೂಡಿನಲ್ಲಿ ಎರಡು ವರ್ಷ ನೋಡಿದೆ. ಮೂರನೆಯದು ಮೋಸದಿಂದ ಸೇರಿಕೊಂಡಿತು.

ಮೊದಲ ಗೂಡಿನಲ್ಲಿ ಬ್ಲೂ ಹುಂಜ, ಬ್ಲೂ ಹೇಂಟೆಗಳು. ಬ್ಲೂಗೆ ಬ್ಲೂ ಹಾಕಿದರೆ ಎಲ್ಲಾ ಬ್ಲೂ ಬರುತ್ತದೆ ಎಂದು ನಂಬಿದ್ದೆ. ಮೊದಲ ಸಲ 10 ಮರಿ: 5 ಕಪ್ಪು, 3 ಬೂದು, 2 ಮಾಸಲು ಬಿಳಿ. ಎರಡನೇ ಸಲ 12 ಮರಿಯಲ್ಲಿ 2 ಕಪ್ಪು, 7 ಬೂದು, 3 ಬಿಳಿಚು. ಕಾರಣ ಇಷ್ಟೇ. ಬೂದು ಅನ್ನುವುದು ಬೇರೆ ಬಣ್ಣವಲ್ಲ, ತೆಳುವಾದ ಕಪ್ಪು. ತೆಳು ಮಾಡುವ ಜೀನ್ ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಬಂದರೆ ಮರಿ ಬೂದು. ಇಬ್ಬರಿಂದಲೂ ಬಂದರೆ ಬಿಳಿಚು ಮೈ ಮೇಲೆ ಬೂದು ಚುಕ್ಕೆ, ಅದೇ ಸ್ಪ್ಲಾಶ್. ಯಾರಿಂದಲೂ ಬರದಿದ್ದರೆ ಕಪ್ಪು. ಡಿಕಾಕ್ಷನ್‌ಗೆ ಒಂದು ಸೌಟು ಹಾಲು, ಎರಡು ಸೌಟು ಹಾಲು ಹಾಕಿದ ಹಾಗೆ. ಸರಾಸರಿ ಲೆಕ್ಕದಲ್ಲಿ ನಾಲ್ಕರಲ್ಲಿ ಒಂದು ಕಪ್ಪು, ಎರಡು ಬೂದು, ಒಂದು ಸ್ಪ್ಲಾಶ್. ಒಂದೊಂದು ಕಾವಿನಲ್ಲಿ ಈ ಲೆಕ್ಕ ಕೂಡುವುದಿಲ್ಲ; ನನ್ನ 22 ಮರಿಗಳನ್ನು ಒಟ್ಟಿಗೆ ಎಣಿಸಿದಾಗ ಹತ್ತಿರ ಬಂತು.

ಎರಡನೇ ಗೂಡಿಗೆ ಕಪ್ಪು ಹುಂಜ, ಮೊದಲ ಗೂಡಿನಲ್ಲೇ ಹುಟ್ಟಿ ಬೆಳೆದ ಸ್ಪ್ಲಾಶ್ ಹೇಂಟೆಗಳು. ಆ ಗೂಡಿನಲ್ಲಿ ಬೂದು ಕೋಳಿ ಒಂದೂ ಇಲ್ಲ, ಆದರೂ ಹುಟ್ಟಿದ 19 ಮರಿಯೂ ಬೂದೇ. ಮೊದಲನೇ ಸಲ ಹೇಂಟೆಯ ಹೊಟ್ಟೆಯಡಿಯಿಂದ ಒಂದೊಂದೇ ಹೊರಬಂದು ಎಲ್ಲಾ ಒಂದೇ ಬಣ್ಣದಲ್ಲಿ ನಿಂತಾಗ ನನಗೆ ಆದ ಸಂತೋಷ ಇವತ್ತಿಗೂ ನೆನಪಿದೆ. ಕೊರತೆ ಒಂದಿದೆ: ಎಲ್ಲಾ ಬೂದು, ಆದರೆ ಒಂದೇ ಬೂದಲ್ಲ. ಕೆಲವು ಮಳೆಮೋಡದ ಹಾಗೆ, ಕೆಲವು ಒಲೆಯ ಬೂದಿಯ ಹಾಗೆ ತಿಳಿ. ಗಾಢ ಛಾಯೆ ಬೇಕೆಂದು ಒಂದು ಕಾವು ಬ್ಲೂ ಹೇಂಟೆಗೆ ಕಪ್ಪು ಹುಂಜ ಬಿಟ್ಟೆ. ಅರ್ಧ ಕಪ್ಪು, ಅರ್ಧ ಬೂದು ಬಂದವು, ಆ ಬೂದು ನಿಜಕ್ಕೂ ಚೆನ್ನಾಗಿತ್ತು.

ಮೂರನೆಯದು ನನಗೆ ಸ್ಪ್ಲಾಶ್ ಎಂದು ಹೇಳಿ ಮಾರಿದ ಅಪ್ಪಟ ಬಿಳಿ ಹೇಂಟೆ. ಕಪ್ಪು ಹುಂಜದ ಜೊತೆ ಬಿಟ್ಟೆ. 9 ಮರಿಯಲ್ಲಿ ಬಿಳಿ ಒಂದೂ ಇಲ್ಲ, ಬೂದೂ ಇಲ್ಲ. ನಾಲ್ಕರ ಬೆನ್ನಿಗೆ ಕಂದು ಗೆರೆ, ಬೆಳೆದ ಹುಂಜದ ಕತ್ತಿಗೆ ಹೊಂಬಣ್ಣ. ರೇಷ್ಮೆ ಕೋಳಿಯ ಬಿಳಿ ಸಾಮಾನ್ಯವಾಗಿ ಒಳಗಿನ ಬಣ್ಣದ ಮೇಲೆ ಹೊದಿಸಿದ ಪಂಚೆ ಇದ್ದ ಹಾಗೆ. ಎರಡೂ ಕಡೆಯಿಂದ ಬಂದರಷ್ಟೇ ಮುಚ್ಚುತ್ತದೆ, ಒಂದೇ ಕಡೆಯಿಂದ ಬಂದರೆ ಒಳಗೆ ಏನಿತ್ತೋ ಅದೆಲ್ಲಾ ಹೊರಗೆ. ಕೊಳ್ಳುವಾಗ ಬೆನ್ನಿನ ನೂಲನ್ನು ಬೆರಳಲ್ಲಿ ಬಿಡಿಸಿ, ಬೆಳಕಿಗೆ ಹಿಡಿದು ನೋಡಿ. ಸ್ಪ್ಲಾಶ್ ಆದರೆ ಎಲ್ಲಾದರೂ ಒಂದು ಬೂದು ಎಳೆ ಸಿಕ್ಕೇ ಸಿಗುತ್ತದೆ.

ಕಾವಿನ ವಿಷಯಕ್ಕೆ ಬಂದರೆ, ಯಂತ್ರವನ್ನೂ ನೋಡಿದೆ, ಹೇಂಟೆಯನ್ನೂ ನೋಡಿದೆ. ಯಂತ್ರದಲ್ಲಿ 37.5 ಡಿಗ್ರಿ ಶಾಖ, ತೇವ ಅಳೆಯಲು ಹುಳು ಮನೆಯ ಒದ್ದೆ-ಒಣ ಥರ್ಮಾಮೀಟರೇ ಸಾಕಾಯಿತು. ಆದರೆ ಕರೆಂಟು ಹೋದ ರಾತ್ರಿ 20 ಮೊಟ್ಟೆಯಲ್ಲಿ 7 ಕೆಟ್ಟವು. ಹೇಂಟೆ 8 ಮೊಟ್ಟೆಗೆ 7 ಮರಿ ಮಾಡಿತು. ಈ ತಳಿಯ ಕಾವಿನ ಆಸೆಗೆ ಸಮವಿಲ್ಲ, ಮೊಟ್ಟೆ ಎತ್ತಿಕೊಂಡರೂ ಖಾಲಿ ಬುಟ್ಟಿಯಲ್ಲೇ ಕೂತಿರುತ್ತದೆ. ಅಪಾಯ ಬೇರೆ ಕಡೆಯಿದೆ. ಇದರ ಪುಕ್ಕದ ಎಳೆಗಳಿಗೆ ಒಂದಕ್ಕೊಂದು ಹಿಡಿಯುವ ಕೊಕ್ಕೆ ಇಲ್ಲ, ಬಿಡಿ ನೂಲಿನ ಹಾಗೆ ಜೋಲಾಡುತ್ತವೆ. ಒಂದು ಬೆಳಿಗ್ಗೆ ಮೂರು ದಿನದ ಮರಿಯ ಕತ್ತಿಗೆ ತಾಯಿಯ ಹೊಟ್ಟೆಯ ನೂಲು ಸುತ್ತಿಕೊಂಡಿತ್ತು. ಅಮ್ಮ ಕತ್ತರಿ ತರುವಷ್ಟರಲ್ಲಿ ಜೀವ ಹೋಗಿತ್ತು. ಅಂದಿನಿಂದ ಕಾವಿಗೆ ಕೂರಿಸುವ ಮೊದಲೇ ಹೊಟ್ಟೆಯಡಿ ನೂಲು ಕತ್ತರಿಸುತ್ತೇನೆ. ಜೋಡಿ ಬಿಡುವಾಗ ಹಿಂಭಾಗದ ನೂಲನ್ನೂ ಕತ್ತರಿಸಬೇಕು, ಇಲ್ಲದಿದ್ದರೆ ಜೀವ ಕಟ್ಟದ ಮೊಟ್ಟೆಯೇ ಹೆಚ್ಚು.

ಮಾರಲು ಮರಿ ಬೇಕಾದವರಿಗೆ ನಾನು ಹೇಳುವುದು ಎರಡನೇ ಗೂಡು. ಮೊದಲ ಗೂಡನ್ನೂ ಮುಚ್ಚಿಲ್ಲ. ನನಗೆ ಸ್ಪ್ಲಾಶ್ ಹೇಂಟೆ ಸಿಗುವುದು ಅಲ್ಲಿಂದಲೇ, ಕಪ್ಪು ಹುಂಜವೂ ಅಲ್ಲಿಂದಲೇ. ಹತ್ತಿರದ ಸಂಬಂಧ ಆಗದಿರಲಿ ಎಂದು ಈ ವರ್ಷ ಕಪ್ಪು ಹುಂಜವನ್ನು ಚಿಂತಾಮಣಿ ಕಡೆಯ ಒಬ್ಬರಿಂದ ತಂದೆ. ಬಿಳಿ ಹೇಂಟೆ ಈಗ ಜೋಡಿಯಲ್ಲಿಲ್ಲ, ಬೇರೆಯವುಗಳ ಮೊಟ್ಟೆಗೆ ಕಾವು ಕೊಡುತ್ತದೆ. ಈಗ ಎಂಟರ ಮೇಲೆ ಕೂತಿದೆ, ಇವತ್ತಿಗೆ ಹದಿನಾರನೇ ದಿನ.