ಡೆಸ್ಟ್ರಾಯರ್, ಟೀಬರ್ಡ್, ರಾಕ್3: ಅರಿಜೋನಾದ ಬಯಲು ಡಿಸ್ಕ್ ಗಾಲ್ಫಿಗೆ ಯಾವುದು ಒಗ್ಗುತ್ತದೆ?

ಡಿಸ್ಕ್ ಗಾಲ್ಫ್ ಎಂದರೆ ತಟ್ಟೆಯಂಥ ಡಿಸ್ಕನ್ನು ಎಸೆಯುತ್ತ, ಆದಷ್ಟು ಕಮ್ಮಿ ಎಸೆತಗಳಲ್ಲಿ ಚೈನ್ ತೂಗುವ ಬ್ಯಾಸ್ಕೆಟ್ಟಿಗೆ ಹಾಕುವ ಆಟ; ಒಂದು ಬ್ಯಾಸ್ಕೆಟ್ಟಿನ ಆಟಕ್ಕೆ ಒಂದು ಹೋಲ್ ಎನ್ನುತ್ತಾರೆ. ಮರಗಳಿಲ್ಲದ ಕೋರ್ಸ್ ಕಂಡ ಕೂಡಲೇ ಕೈ ಚೀಲದೊಳಗೆ ಹೋಗಿ ಹುಡುಕುವುದು ಇರುವುದರಲ್ಲೇ ಅತಿ ವೇಗದ ಡ್ರೈವರನ್ನು, ಅಂದರೆ ದೂರಕ್ಕೆ ಎಸೆಯುವ ಡಿಸ್ಕನ್ನು. ಅಡ್ಡ ಏನೂ ಇಲ್ಲ, ಬೀಸಿ ಒಗೆದರಾಯಿತು ಎಂಬ ಲೆಕ್ಕ. ಫೀನಿಕ್ಸ್ ಸುತ್ತಮುತ್ತಲಿನ ಪಾರ್ಕುಗಳಲ್ಲಿ ಈ ಲೆಕ್ಕ ಕೈಕೊಡುತ್ತದೆ. ಇಲ್ಲಿ ಸ್ಕೋರ್ ಕೆಡಿಸುವ ಸಂಗತಿಗಳು ಎರಡೇ: ಗಾಳಿ, ಮತ್ತು ಡಿಸ್ಕ್ ನೆಲ ಮುಟ್ಟಿದ ಮೇಲಿನ ಹತ್ತು ಮೀಟರ್. ಚಾಂಡ್ಲರ್, ಟೆಂಪೆ, ಸ್ಕಾಟ್ಸ್‌ಡೇಲ್ ಕಡೆ ಇದ್ದು ವಾರಾಂತ್ಯಕ್ಕೆ ಹೊಸದಾಗಿ ಈ ಆಟ ಹಿಡಿದಿರುವ ಕನ್ನಡದವರು ಡಿಸ್ಕ್ ಕೊಳ್ಳುವ ಮುಂಚೆ ಇದನ್ನು ಓದಿಕೊಂಡರೆ ಒಂದಷ್ಟು ಡಾಲರ್ ಉಳಿದೀತು.

ಎರಡು ಬಗೆಯ ಜಾಗ ಮನಸ್ಸಿನಲ್ಲಿಟ್ಟುಕೊಂಡು ಹೋಲಿಸಿದ್ದೇವೆ. ಒಂದು, ಸ್ಕಾಟ್ಸ್‌ಡೇಲಿನ ವಿಸ್ತಾ ದೆಲ್ ಕಾಮಿನೊ ಪಾರ್ಕಿನಂಥದ್ದು. ಇದು ಇಂಡಿಯನ್ ಬೆಂಡ್ ವಾಷ್ ಎಂಬ ಸುಮಾರು 18 ಕಿ.ಮೀ. ಉದ್ದದ ಹಸಿರು ಪಟ್ಟಿಯ ಒಂದು ತುಂಡು. ಮಳೆನೀರಿನ ಪ್ರವಾಹ ಹರಿದುಹೋಗಲೆಂದು ಕಾಂಕ್ರೀಟ್ ಕಾಲುವೆ ಕಟ್ಟುವ ಬದಲು ಉಳಿಸಿಕೊಂಡ ಹುಲ್ಲುಗಾವಲು. ಹಾಗಾಗಿಯೇ ನೆಲ ತಟ್ಟೆಯಂತೆ ಸಮ, ನಡುನಡುವೆ ಕೊಳ, ಪಕ್ಕದಲ್ಲಿ ಸೈಕಲ್ ದಾರಿ. ಇನ್ನೊಂದು, ಫೌಂಟನ್ ಹಿಲ್ಸ್‌ನ ಫೌಂಟನ್ ಪಾರ್ಕ್: ಪೂರ್ತಿ ಒತ್ತಡದಲ್ಲಿ 560 ಅಡಿ ಚಿಮ್ಮಬಲ್ಲ ಕಾರಂಜಿಯಿರುವ ಕೆರೆಯ ಸುತ್ತ ಆಡುವ ಕೋರ್ಸ್. ಗಾಳಿ ಎತ್ತ ಬೀಸುತ್ತಿದೆ ಎಂದು ತಿಳಿಯಲು ಕಾರಂಜಿಯ ತುದಿ ನೋಡಿದರೆ ಸಾಕು, ಹುಲ್ಲು ಕಿತ್ತು ತೂರಬೇಕಿಲ್ಲ. ಮೆಮೋರಿಯಲ್ ಚಾಂಪಿಯನ್‌ಶಿಪ್ ಎಂಬ ದೊಡ್ಡ ಪಂದ್ಯಾವಳಿ ಎರಡೂ ಕಡೆ ನಡೆದದ್ದಿದೆ.

ಕೆಳಗಿನದೆಲ್ಲ ಬಲಗೈ ಬ್ಯಾಕ್‌ಹ್ಯಾಂಡ್ ಎಸೆತದ ಲೆಕ್ಕ. ಎಡಚರು ಎಡ ಬಲ ಅದಲುಬದಲು ಮಾಡಿಕೊಳ್ಳಿ. ಡಿಸ್ಕಿಗೆ ಕೊಡುವ ನಾಲ್ಕು ಅಂಕಿ ಕ್ರಮವಾಗಿ ವೇಗ, ಗ್ಲೈಡ್, ಟರ್ನ್, ಫೇಡ್. ಗ್ಲೈಡ್ ಎಂದರೆ ಗಾಳಿಯಲ್ಲಿ ತೇಲುವ ಗುಣ, ಟರ್ನ್ ಎಂದರೆ ವೇಗ ಇರುವಾಗ ಬಲಕ್ಕೆ ವಾಲುವುದು (ಮೈನಸ್ ಹೆಚ್ಚಿದಷ್ಟೂ ವಾಲುವುದು ಹೆಚ್ಚು), ಫೇಡ್ ಎಂದರೆ ವೇಗ ತಗ್ಗಿದಾಗ ಎಡಕ್ಕೆ ಇಳಿಯುವುದು. ಇನ್ನೊವಾ ಕಂಪನಿಯ ಡೆಸ್ಟ್ರಾಯರ್ 12, 5, -1, 3. ಟೀಬರ್ಡ್ 7, 5, 0, 2. ರಾಕ್3 5, 4, 0, 3. ಮೂರನ್ನೂ 90 ಮೀಟರ್ ಆಸುಪಾಸಿನ, ಎಡಗಡೆ ಕಾಂಕ್ರೀಟ್ ದಾರಿಯಿರುವ ಬಯಲು ಹೋಲಿನಲ್ಲಿ ಎಸೆದರೆ ಏನಾಗುತ್ತದೆ ಎನ್ನುವುದು ಪ್ರಶ್ನೆ. ಇಂಥ ದಾರಿ ಬಹಳ ಕಡೆ ಓಬಿ, ಅಂದರೆ ಗಡಿಯಾಚೆ. ಅಲ್ಲಿ ನಿಂತರೆ ಒಂದು ಎಸೆತದ ದಂಡ.

ಮೊದಲು ಎದುರುಗಾಳಿ, ಏಕೆಂದರೆ ಡಿಸ್ಕುಗಳ ನಿಜ ಬಣ್ಣ ಬಯಲಾಗುವುದು ಅಲ್ಲೇ. ಡಿಸ್ಕಿಗೆ ಗೊತ್ತಾಗುವುದು ನೆಲದ ಮೇಲಿನ ವೇಗವಲ್ಲ, ಗಾಳಿಯೊಳಗಿನ ವೇಗ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಎಸೆದ ಡಿಸ್ಕಿಗೆ 20 ಕಿ.ಮೀ. ಗಾಳಿ ಎದುರಾದರೆ ಅದರ ಪಾಲಿಗೆ 100. ಅದೇ ಗಾಳಿ ಬೆನ್ನಿಗಿದ್ದರೆ 60. ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುವುದರಿಂದ ಮೊದಲನೆಯದರಲ್ಲಿ ಅದು ಸುಮಾರು 56% ಹೆಚ್ಚು, ಎರಡನೆಯದರಲ್ಲಿ 44% ಕಮ್ಮಿ. ಸಾಧಾರಣ ಗಾಳಿಯೊಂದು ಡಿಸ್ಕನ್ನೇ ಬದಲಾಯಿಸಿಬಿಟ್ಟಂತೆ.

ಎದುರುಗಾಳಿಯಲ್ಲಿ ಡೆಸ್ಟ್ರಾಯರ್ ಎರಡು ಥರ ಆಡುತ್ತದೆ. ಕೈಯಲ್ಲಿ 110 ಮೀಟರ್ ಮೀರುವ ಬಲ ಇದ್ದರೆ ಅದು ಬಲಕ್ಕೆ ಮಗುಚಿಕೊಂಡು, ಮರಳಿ ಎಡಕ್ಕೆ ಬರುವಷ್ಟರಲ್ಲಿ ಹೋಲಿನ ಅಗಲವೆಲ್ಲ ದಾಟಿರುತ್ತದೆ. ಬಲ ಕಮ್ಮಿ ಇದ್ದವರಿಗೆ ಶಾಂತ ಗಾಳಿಯಲ್ಲಿ 60–70 ಮೀಟರಿಗೇ ಎಡಕ್ಕೆ ಬಿದ್ದುಹೋಗುತ್ತಿದ್ದ ಅದೇ ಡಿಸ್ಕ್ ಎದುರುಗಾಳಿಯಲ್ಲಿ ಚೆಂದವಾಗಿ ನೇರ ಹೋಗುತ್ತದೆ. ಮೋಸ ಹೋಗುವುದು ಇಲ್ಲೇ. ಗಾಳಿ ಒಂದೇ ಸಮ ಬೀಸುವುದಿಲ್ಲ. ಬೀಸು ನಿಂತ ಕ್ಷಣ ಡಿಸ್ಕ್ ಎಡಗಡೆಯ ದಾರಿಗೆ ಓಡುತ್ತದೆ. ಅಗಲ ಅಂಚಿನ ವೇಗದ ಡಿಸ್ಕ್ ನೆಲಕ್ಕೆ ತಾಗುವಾಗಲೂ ಜೋರಿನಲ್ಲೇ ಇರುತ್ತದೆ, ಒಣ ನೆಲದ ಮೇಲೆ ಐದಾರು ಮೀಟರ್ ಜಾರುವುದು ಅದಕ್ಕೆ ಲೆಕ್ಕಕ್ಕೇ ಇಲ್ಲ.

ಟೀಬರ್ಡನ್ನು ಎದೆಯ ಎತ್ತರದಲ್ಲಿ, ಮೂಗು (ಮುಂದಿನ ಅಂಚು) ಕೊಂಚ ಕೆಳಗೆ ಮಾಡಿ, ಎಡ ಅಂಚನ್ನು ಐದು ಡಿಗ್ರಿಯಷ್ಟು ಬಾಗಿಸಿ ಬಿಟ್ಟರೆ ಇದೇ ಗಾಳಿಯಲ್ಲಿ ಬಾಗು ನೆಟ್ಟಗಾಗಿ, ನೇರ ಹೋಗಿ, ಕೊನೆಯಲ್ಲಿ ಎರಡು ಮೂರು ಮೀಟರ್ ಎಡಕ್ಕೆ ಇಳಿದು ಕೂರುತ್ತದೆ. ಮೂಗು ಮೇಲಾದರೆ ಮಾತ್ರ ಯಾವ ಡಿಸ್ಕೂ ಉಳಿಯುವುದಿಲ್ಲ: ಮೇಲೆದ್ದು, ನಿಂತು, ಎಸೆದವರ ಕಡೆಗೇ ತಿರುಗಿ ಬೀಳುತ್ತದೆ. ಎದುರುಗಾಳಿಯಲ್ಲಿ ‘ಡಿಸ್ಕ್ ಸರಿಯಿಲ್ಲ’ ಎನ್ನುವವರಲ್ಲಿ ಬಹಳ ಜನರ ತೊಂದರೆ ಈ ಮೂಗಿನದೇ. ಹೆಬ್ಬೆರಳನ್ನು ಡಿಸ್ಕಿನ ನಡುವಿನಿಂದ ಹೊರ ಅಂಚಿನ ಕಡೆಗೆ ಸ್ವಲ್ಪ ಸರಿಸಿ ಒತ್ತಿ ಹಿಡಿದರೆ ಮೂಗು ತಗ್ಗುತ್ತದೆ.

ರಾಕ್3ರ ಮಾತೇ ಬೇರೆ. ಅದು 90 ಮೀಟರ್ ಮುಟ್ಟುವುದಿಲ್ಲ. ಎದುರುಗಾಳಿಯಲ್ಲಿ 65–70ಕ್ಕೆ ನಿಲ್ಲುತ್ತದೆ. ಆದರೆ ಎಲ್ಲಿ ನಿಲ್ಲುತ್ತದೆ ಎಂದು ಮೊದಲೇ ಹೇಳಬಹುದು. ಅಲ್ಲಿಂದ ಒಂದು ಸಣ್ಣ ಎಸೆತ, ಒಂದು ಪಟ್ (ಬ್ಯಾಸ್ಕೆಟ್ಟಿಗೆ ಹಾಕುವ ಕಿರು ಎಸೆತ), ಮೂರಕ್ಕೆ ಮುಗಿಯಿತು. ಡೆಸ್ಟ್ರಾಯರ್ ಆಗೊಮ್ಮೆ ಈಗೊಮ್ಮೆ ಎರಡು ಕೊಡುತ್ತದೆ, ನಾಲ್ಕು ಐದನ್ನೂ ಅಷ್ಟೇ ಧಾರಾಳವಾಗಿ ಕೊಡುತ್ತದೆ. ಇದೇ ಮಧ್ಯಮ ದೂರದ ವರ್ಗದ, ಡಿಸ್ಕ್ರಾಫ್ಟ್ ಕಂಪನಿಯ ಬಜ್ (5, 4, -1, 1) ಬೆಳಗಿನ ನಿಶ್ಚಲ ಗಾಳಿಯಲ್ಲಿ ರಾಕ್3ಗಿಂತ ನೇರ, ದೂರವೂ ಹೆಚ್ಚು. ಗಾಳಿ ಎದ್ದ ಮೇಲೆ ಆ -1 ಕಾಟ ಕೊಡಲು ಶುರುಮಾಡುತ್ತದೆ. ಎರಡರಲ್ಲಿ ಒಂದೇ ಕೊಳ್ಳುವುದಾದರೆ, ಬಯಲಿಗೆ ರಾಕ್3.

ಬೆನ್ನಗಾಳಿಯಲ್ಲಿ ಪಟ್ಟಿ ತಲೆಕೆಳಗು. ಎತ್ತುವ ಬಲವೇ ಕಮ್ಮಿಯಾದ ಮೇಲೆ ಟೀಬರ್ಡ್ ಬೇಗ ಎಡಕ್ಕೆ ಇಳಿಯುತ್ತದೆ, ರಾಕ್3 ಕಲ್ಲಿನಂತೆ ಬೀಳುತ್ತದೆ. ಇಲ್ಲಿ ಗೆಲ್ಲುವುದು ಲೆಪರ್ಡ್ (6, 5, -2, 1), ಅದೂ 165 ಗ್ರಾಂ ಆಸುಪಾಸಿನ ಹಗುರದ್ದು. ಮೂಗನ್ನು ತುಸು ಮೇಲೆತ್ತಿ, ಎತ್ತರಕ್ಕೆ ಬಿಟ್ಟರೆ ಗಾಳಿಯೇ ಹೊತ್ತೊಯ್ಯುತ್ತದೆ. ಎದುರುಗಾಳಿಗೆ ಇಟ್ಟುಕೊಳ್ಳುವ ಡಿಸ್ಕ್ 173–175 ಗ್ರಾಂ ಇರಲಿ. ನಿಯಮದ ಪ್ರಕಾರ ವ್ಯಾಸದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂ ಮಿತಿ; 21.1 ಸೆಂ.ಮೀ. ಡ್ರೈವರಿಗೆ ಅದು 175 ಗ್ರಾಂಗೆ ಬಂದು ನಿಲ್ಲುತ್ತದೆ.

ಅಡ್ಡಗಾಳಿ ಇನ್ನೂ ಕಷ್ಟ. ಗಾಳಿ ಡಿಸ್ಕಿನ ಹೊಟ್ಟೆಗೆ ಬಡಿಯುತ್ತದೋ ಬೆನ್ನಿಗೆ ಬಡಿಯುತ್ತದೋ ಅಷ್ಟು ನೋಡಿಕೊಳ್ಳಿ. ಎಡ ಅಂಚು ತಗ್ಗಿಸಿದ ಹೈಜರ್ ಎಸೆತಕ್ಕೆ ಬಲದಿಂದ ಬೀಸುವ ಗಾಳಿ ಹೊಟ್ಟೆಗೆ ಸಿಕ್ಕಿ, ಎತ್ತಿ ಎಡಕ್ಕೆ ಒಯ್ಯುತ್ತದೆ. ಎಡದಿಂದ ಬೀಸಿದರೆ ಬೆನ್ನಿಗೆ ಒತ್ತಿ ನೆಲಕ್ಕೆ ಹಾಕುತ್ತದೆ. ಎರಡನೆಯದು ನಮಗೆ ವಾಸಿ: ದೂರ ಕಮ್ಮಿಯಾದರೂ ದಾರಿ ತಪ್ಪುವುದಿಲ್ಲ. ಬಲದಿಂದ ಗಾಳಿ, ಎಡದಲ್ಲಿ ಕೆರೆ ಇದ್ದರೆ ಹೈಜರ್ ಆಸೆ ಬಿಟ್ಟು ಫೋರ್‌ಹ್ಯಾಂಡಿಗೆ ಹೋಗಿ. ಫೋರ್‌ಹ್ಯಾಂಡ್ ಹೈಜರಿನಲ್ಲಿ ತಗ್ಗುವುದು ಬಲ ಅಂಚು, ಅದೇ ಗಾಳಿ ಆಗ ಬೆನ್ನಿಗೆ ಬಡಿಯುತ್ತದೆ, ಡಿಸ್ಕ್ ಕೊನೆಗೆ ಇಳಿಯುವುದೂ ನೀರಿನಿಂದ ಆಚೆಗೆ. ಫೈರ್‌ಬರ್ಡ್ (9, 3, 0, 4) ಈ ಒಂದು ಎಸೆತಕ್ಕಾಗಿಯೇ ಚೀಲದಲ್ಲಿರಬೇಕಾದ ಡಿಸ್ಕ್.

ಇನ್ನು ನೆಲ. ಒಂದೇ ಪಾರ್ಕಿನಲ್ಲಿ ವರ್ಷಕ್ಕೆ ಮೂರು ಥರದ ನೆಲ ಸಿಗುತ್ತದೆ. ಬೇಸಗೆಯಲ್ಲಿ ಬರ್ಮುಡಾ ಹುಲ್ಲು ದಟ್ಟ, ಡಿಸ್ಕ್ ಹದವಾಗಿ ಜಾರುತ್ತದೆ. ಅಕ್ಟೋಬರ್ ಹೊತ್ತಿಗೆ ಅದನ್ನು ಬುಡಕ್ಕೆ ಕತ್ತರಿಸಿ ಚಳಿಗಾಲದ ರೈ ಹುಲ್ಲು ಬಿತ್ತುವ ಪಾರ್ಕುಗಳಲ್ಲಿ ಮೊಳಕೆ ಬರುವ ತನಕ ದಿನಕ್ಕೆ ಹಲವು ಸಲ ನೀರು ಬಿಡುತ್ತಾರೆ. ಆಗ ಡಿಸ್ಕ್ ಬಿದ್ದಲ್ಲೇ ಅಂಟಿಕೊಳ್ಳುತ್ತದೆ. ರೈ ಬಿತ್ತದ ಪಾರ್ಕಿನಲ್ಲಿ ಜನವರಿಯ ಬರ್ಮುಡಾ ಒಣಗಿ ಕಂದಾಗಿ, ನೆಲ ಚಪ್ಪಡಿಯಷ್ಟು ಗಟ್ಟಿ. ಹುಲ್ಲಿನ ಪಟ್ಟಿ ಮುಗಿದ ಮೇಲೆ ಗ್ರಾನೈಟ್ ಗರಸು.

ಗಟ್ಟಿ ನೆಲಕ್ಕೆ ಮೂರು ಎಸೆತಗಳು ಪೈಪೋಟಿಯಲ್ಲಿವೆ. ಎತ್ತರಕ್ಕೆ ಎಸೆದು ನೆಟ್ಟಗೆ ಇಳಿಸುವ ಸ್ಪೈಕ್ ಹೈಜರ್ ಮೆತ್ತಗಿನ ನೆಲದಲ್ಲಿ ಮೊಳೆ ಹೊಡೆದಂತೆ ನಿಲ್ಲುತ್ತದೆ, ಅಕ್ಟೋಬರಿನಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಒಣ ಬರ್ಮುಡಾದ ಮೇಲೆ ಪುಟಿದು, ಅಂಚಿನ ಮೇಲೆ ನಿಂತು ಉರುಳಿಕೊಂಡು ಹೊರಟರೆ ಹಿಡಿಯುವವರಿಲ್ಲ. ಜೊತೆಗೆ ಅಷ್ಟು ಎತ್ತರದಲ್ಲಿ ಗಾಳಿಯ ಪಾಲಾಗುತ್ತದೆ. ಎರಡನೆಯದು ಫೈರ್‌ಬರ್ಡಿನ ತಗ್ಗು ಎಸೆತ: ಮೂರು ಮೀಟರ್ ಎತ್ತರ ಮೀರದಂತೆ ಬಿಟ್ಟು, ಬ್ಯಾಸ್ಕೆಟ್ಟಿಗೆ 8–10 ಮೀಟರ್ ಮೊದಲು, ಬಲಕ್ಕೆ ನಾಲ್ಕೈದು ಮೀಟರ್ ಬಿಟ್ಟು ನೆಲಕ್ಕೆ ತಾಗಿಸಿ, ಮಿಕ್ಕದ್ದನ್ನು ಜಾರಲು ಬಿಡುವುದು. ಗಾಳಿಯಿರುವ ಒಣ ದಿನಕ್ಕೆ ನಮ್ಮ ಮೊದಲ ಆಯ್ಕೆ ಇದೇ. ಕೆಡುವುದು ಯಾವಾಗ ಎಂದರೆ, ತಾಗಿಸಬೇಕಾದ ಜಾಗದಲ್ಲಿ ಸ್ಪ್ರಿಂಕ್ಲರ್ ಸುತ್ತಲಿನ ಹಸಿ ತೇಪೆ ಇದ್ದಾಗ. ಡಿಸ್ಕ್ ಅಲ್ಲೇ ಕಚ್ಚಿಕೊಂಡು ಹತ್ತು ಮೀಟರ್ ಹಿಂದೆ ಉಳಿಯುತ್ತದೆ. ನೆಲದ ಬಣ್ಣ ನೋಡಿ ಎಸೆಯಿರಿ, ಕಡುಹಸಿರು ಇದ್ದಲ್ಲಿ ನೀರಿದೆ.

ಮೂರನೆಯದು ರೋಲರ್. ಲೆಪರ್ಡ್ ಅಥವಾ ರೋಡ್‌ರನ್ನರ್ (9, 5, -4, 1) ಡಿಸ್ಕನ್ನು ಬಲ ಅಂಚು ಕಡಿದಾಗಿ ತಗ್ಗಿಸಿ, 15–20 ಮೀಟರಿನಲ್ಲಿ ನೆಲ ಮುಟ್ಟುವಂತೆ ಎಸೆದರೆ ಅದು ಉರುಳಿ, ಕೊನೆಗೆ ಬಲಕ್ಕೆ ತಿರುಗಿ ಮಲಗುತ್ತದೆ. ಎದುರುಗಾಳಿಯಲ್ಲಿ ಗಾಳಿಯೊಳಗಿನ ಎಸೆತಗಳನ್ನೆಲ್ಲ ದೂರದಲ್ಲಿ ಹಿಂದೆ ಹಾಕುವುದು ಇದೇ. ಕೋನ ತುಂಬಾ ಚಪ್ಪಟೆಯಾದರೆ ಎಡಕ್ಕೆ ಕೊಯ್ದು ಬೇಗ ಬೀಳುತ್ತದೆ. ಅಡ್ಡಗಾಳಿಯಿದ್ದರೆ, ನಡುವೆ ಗರಸು ಅಥವಾ ದಾರಿಯ ಅಂಚು ಸಿಕ್ಕರೆ, ದೇವರೇ ಗತಿ. ಬೆನ್ನು ಕೊಟ್ಟು ಕಿವಿಗೆ ಇಯರ್‌ಫೋನ್ ಹಾಕಿ ನಡೆಯುವವರು ಇರುವ ಪಾರ್ಕಿನಲ್ಲಿ ರೋಲರ್ ಬೇಡವೇ ಬೇಡ. ‘ಹುಷಾರ್’ ಎಂದು ಕೂಗಿದರೂ ಜನ ಆಕಾಶ ನೋಡುತ್ತಾರೆ, ಕಾಲಬುಡ ನೋಡುವುದಿಲ್ಲ.

ಪ್ಲಾಸ್ಟಿಕ್ ವಿಷಯ ಬೇಗ ಮುಗಿಸಬಹುದು. ಡಿಎಕ್ಸ್‌ನಂಥ ಅಗ್ಗದ ಪ್ಲಾಸ್ಟಿಕ್ಕಿಗೆ ಹಿಡಿತ ಚೆನ್ನಾಗಿದೆ, ಆದರೆ ಗರಸಿಗೆ ಒಂದೆರಡು ಸಲ ಉಜ್ಜಿದರೆ ಅಂಚು ಕಿತ್ತು, ಡಿಸ್ಕ್ ದಿನೇ ದಿನೇ ಬಲಕ್ಕೆ ವಾಲತೊಡಗುತ್ತದೆ. ಗಾಜಿನಂತೆ ಹೊಳೆಯುವ ಚಾಂಪಿಯನ್ ಪ್ಲಾಸ್ಟಿಕ್ ಬೇಗ ಸವೆಯುವುದಿಲ್ಲ, ನೆಲದ ಮೇಲೆ ಜಾಸ್ತಿ ಜಾರುತ್ತದೆ. ಒಣ ಹವೆಯಲ್ಲಿ ಬೆರಳಿಗೂ ಜಾರುತ್ತದೆ. ಫೈರ್‌ಬರ್ಡ್ ಚಾಂಪಿಯನ್‌ನಲ್ಲಿ, ಮಿಕ್ಕವು ಸ್ಟಾರ್ ಎಂಬ ಪ್ಲಾಸ್ಟಿಕ್ಕಿನಲ್ಲಿ ತೆಗೆದುಕೊಳ್ಳಿ. ಪಟರ್, ಅಂದರೆ ಬ್ಯಾಸ್ಕೆಟ್ ಹತ್ತಿರ ಬಳಸುವ ಡಿಸ್ಕ್, ಮಾತ್ರ ಅಗ್ಗದ್ದೇ ಸರಿ.

ಪಟರ್‌ಗಳಲ್ಲಿ ಹೋಲಿಸಿದ್ದು ಏವಿಯಾರ್ (2, 3, 0, 1) ಮತ್ತು ಕಾಸ್ಟಪ್ಲಾಸ್ಟ್ ಬರ್ಗ್ (1, 1, 0, 2). ಗಾಳಿಯಿಲ್ಲದಿದ್ದರೆ ಏವಿಯಾರ್‌ಗೆ ಕೈ ಬೇಗ ಒಗ್ಗುತ್ತದೆ. ಗಾಳಿಯಿದ್ದರೆ, ಬ್ಯಾಸ್ಕೆಟ್ ಸಮೀಪ ತಲುಪಿಸುವ 20–40 ಮೀಟರ್ ಅಪ್ರೋಚ್ ಎಸೆತಕ್ಕೆ ಬರ್ಗ್ ಬಿಟ್ಟು ಬೇರೆ ಬೇಡ; ತೇಲುವ ಗುಣವೇ ಇಲ್ಲದ್ದರಿಂದ ಎಸೆದಷ್ಟೇ ಹೋಗಿ ಕೂರುತ್ತದೆ. ಬ್ಯಾಸ್ಕೆಟ್ ಸುತ್ತಲಿನ 10 ಮೀಟರ್ ವೃತ್ತದೊಳಗೆ ಡಿಸ್ಕಿಗಿಂತ ಶೈಲಿಯೇ ಮುಖ್ಯ. ಮಣಿಕಟ್ಟಿನಿಂದ ಚಿಮ್ಮಿಸುವ ಸ್ಪಿನ್ ಪಟ್ ಗಾಳಿಯಲ್ಲಿ ಸೀಳಿಕೊಂಡು ಹೋಗುತ್ತದೆ, ತಪ್ಪಿದರೆ ಆರೇಳು ಮೀಟರ್ ಆಚೆ. ಕಾಲಿನ ಬಲದಿಂದ ಮೇಲೆತ್ತಿ ತೂರುವ ಪುಶ್ ಪಟ್ ತಪ್ಪಿದರೂ ಬ್ಯಾಸ್ಕೆಟ್ ಕೆಳಗೇ ಬೀಳುತ್ತದೆ, ಗಾಳಿಗೆ ಮಾತ್ರ ಸುಲಭದ ತುತ್ತು. ಎದುರುಗಾಳಿಗೆ ಚೈನಿನ ಕೆಳಭಾಗಕ್ಕೆ, ಬೆನ್ನಗಾಳಿಗೆ ಮೇಲಿನ ಪಟ್ಟಿಗೆ ಗುರಿಯಿಡಿ. ಬ್ಯಾಸ್ಕೆಟ್ ಹಿಂದೆ ನೀರಿದ್ದು ಎದುರುಗಾಳಿ ಬೀಸುತ್ತಿದ್ದರೆ ಏಳು ಮೀಟರಿನಿಂದಲೂ ಪಕ್ಕಕ್ಕೆ ಮೆತ್ತಗೆ ಇಟ್ಟು ಮುಗಿಸುವುದರಲ್ಲಿ ನಾಚಿಕೆಯೇನಿಲ್ಲ.

ಕೆರೆ ಬಂತೆಂದರೆ ತೇಲುವ ಡಿಸ್ಕಿನ ನೆನಪಾಗುತ್ತದೆ. ಇನ್ನೊವಾ ಡ್ರ್ಯಾಗನ್ (8, 5, -2, 2) ನಿಜಕ್ಕೂ ತೇಲುತ್ತದೆ. ತೇಲಬೇಕಾದರೆ ಹಗುರವಾಗಿರಬೇಕು, ಹಗುರವಾದದ್ದನ್ನು ಗಾಳಿ ನೀರಿಗೇ ತಳ್ಳುತ್ತದೆ. ಗಾಳಿಯಿಲ್ಲದ ಬೆಳಗ್ಗೆಗೆ ಸರಿ. ಮಿಕ್ಕ ಹೊತ್ತಿನಲ್ಲಿ ಮುಳುಗುವ ಟೀಬರ್ಡನ್ನೇ ನೀರಿನಿಂದ ದೂರ ಎಸೆಯುವುದು ಅಗ್ಗ.

ಋತುವಿಗೆ ತಕ್ಕಂತೆ ಡಿಸ್ಕ್ ಬದಲಾಗುವುದನ್ನೂ ಗಮನಿಸಿ. 45 ಡಿಗ್ರಿ ಸೆಲ್ಸಿಯಸ್ ಗಾಳಿ 10 ಡಿಗ್ರಿಯದಕ್ಕಿಂತ ಸುಮಾರು 11% ತೆಳು. ಜನವರಿಯ ಮುಂಜಾನೆ ಬಲಕ್ಕೆ ತೇಲುತ್ತಿದ್ದ ಲೆಪರ್ಡ್ ಜೂನ್ ಸಂಜೆ ಬಹುತೇಕ ನೇರ ಹೋಗುತ್ತದೆ. 1,600 ಮೀಟರ್ ಎತ್ತರದ ಆಲ್ಬುಕರ್ಕಿಯಲ್ಲಿ ಇದು ವರ್ಷವಿಡೀ ಇರುವ ಸ್ಥಿತಿ, ಅಲ್ಲಿಗೆ ಆಡಲು ಹೋಗುವವರು ಒಂದು ಹಂತ ಹೆಚ್ಚು ಬಲಕ್ಕೆ ವಾಲುವ ಡಿಸ್ಕ್ ಒಯ್ಯಬೇಕು. ಫೀನಿಕ್ಸಿನಲ್ಲಿ 2023ರಲ್ಲಿ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು; ಅಂಥ ದಿನಗಳಲ್ಲಿ ಬೆಳಗಿನ ಐದೂವರೆಗೆ ಶುರುಮಾಡಿ ಎಂಟರೊಳಗೆ ಮುಗಿಸುವುದಷ್ಟೇ ದಾರಿ, ತಲಾ ಮೂರು ಲೀಟರ್ ಕುಡಿಯುವ ನೀರಿನೊಂದಿಗೆ. ಜೂನ್ 15ರಿಂದ ಸೆಪ್ಟೆಂಬರ್ 30ರವರೆಗಿನ ಮಾನ್ಸೂನಿನಲ್ಲಿ ದಿಗಂತದಲ್ಲಿ ಕಂದು ಗೋಡೆ ಕಂಡರೆ ಎಷ್ಟನೇ ಹೋಲಿನಲ್ಲಿದ್ದರೂ ಕಾರಿಗೆ ನಡೆಯಿರಿ, ಅದು ದೂಳಿನ ಬಿರುಗಾಳಿ.

ಕಾಲಿಗೆ ದಪ್ಪ ಅಟ್ಟೆಯ ಬೂಟು ಇರಲಿ. ಗರಸಿನ ಅಂಚಿನಲ್ಲಿರುವ ಮೆಸ್ಕೀಟ್ ಮರ ನಮ್ಮ ಬಳ್ಳಾರಿ ಜಾಲಿಯ ದಾಯಾದಿ. ಮುಳ್ಳೂ ಅದೇ ಜಾತಿಯದು, ಮೆತ್ತನೆಯ ರನ್ನಿಂಗ್ ಶೂ ತಳವನ್ನು ಸಲೀಸಾಗಿ ದಾಟುತ್ತದೆ. ಅದರ ಬುಡಕ್ಕೆ ಹೋದ ಡಿಸ್ಕನ್ನು ಕೈ ಹಾಕಿ ಎಳೆಯುವ ಮುಂಚೆ ಕೋಲಿನಿಂದ ಕೆದಕಿ, ಬೆಚ್ಚಗಿನ ತಿಂಗಳುಗಳಲ್ಲಿ ಹಾವಿರಬಹುದು. ಆಟ ಮುಗಿದ ಮೇಲೆ ಚೀಲವನ್ನು ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ಬಿಸಿಗೆ ಡಿಸ್ಕ್ ಮೆತ್ತಗಾಗಿ, ಓರೆಯಾಗಿ ನಿಂತ ಭಂಗಿಯಲ್ಲೇ ಸೊಟ್ಟಗಾಗುತ್ತದೆ. ಸೊಟ್ಟಗಾದದ್ದನ್ನು ಬಿಸಿನೀರಲ್ಲಿ ಅದ್ದಿ, ಕೈಯಲ್ಲಿ ನೇರ ಮಾಡಿ, ಸಮತಟ್ಟಾದ ಕಲ್ಲಿನ ಮೇಲೆ ನೆರಳಲ್ಲಿ ಆರಲು ಬಿಟ್ಟರೆ ಬಹುಮಟ್ಟಿಗೆ ಸರಿಹೋಗುತ್ತದೆ. ಅಂಚು ಅಲೆಯಲೆಯಾಗಿದ್ದರೆ ಅದನ್ನು ರೋಲರಿಗೂ ಬಳಸಲಾಗದು.