ಅಪ್ಪನ ಬೈಪಾಸ್: ಯಾವ ರಕ್ತನಾಳ ಎಲ್ಲಿಗೆ ಅಂತ ಬಿಡಿಸಿ ಹೇಳಿದ ಆಸ್ಪತ್ರೆ

ಕಳೆದ ವರ್ಷ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅಪ್ಪನಿಗೆ ಬೈಪಾಸ್ ಆಯಿತು. ಮೂರು ಬ್ಲಾಕ್. ವಯಸ್ಸು 63, ತುಂಬಾ ವರ್ಷದಿಂದ ಶುಗರ್, ಕೆಲಸ ಟೈಲರಿಂಗ್. ರೂಮು, ಊಟ ಎಲ್ಲ ಕಡೆ ಇದ್ದ ಹಾಗೇ ಇತ್ತು, ಅದು ಬಿಡಿ. ಹೃದಯಕ್ಕೆ ಜೋಡಿಸುವ ರಕ್ತನಾಳವನ್ನು ಅಲ್ಲಿ ಹೇಗೆ ಆರಿಸಿದರು ಅನ್ನೋದು ಮುಖ್ಯ.

ನಮಗೆ ಗೊತ್ತಿದ್ದದ್ದು ಒಂದೇ, ಕಾಲಿನ ನರ ತೆಗೆದು ಹಾಕ್ತಾರೆ ಅಂತ. ಸರ್ಜನ್ ಅರ್ಧ ಗಂಟೆ ಕೂತು ಕಾಗದದ ಮೇಲೆ ಬರೆದು ತೋರಿಸಿದರು. ಹೃದಯದ ಮುಂದಿನ ದೊಡ್ಡ ನಾಳ ಎಲ್‌ಎಡಿ. ಅದಕ್ಕೆ ಎದೆಗೂಡಿನ ಒಳಗಿರುವ ಎಡಗಡೆ ಧಮನಿಯೇ ಆಗಬೇಕು, ಬೇರೆ ಮಾತಿಲ್ಲ ಅಂದರು. 10 ವರ್ಷ ಕಳೆದರೂ ಹತ್ತರಲ್ಲಿ ಒಂಬತ್ತು ತೆರೆದೇ ಇರುತ್ತವೆ, ಕಾಲಿನವು ಅಷ್ಟು ಹೊತ್ತಿಗೆ ಹತ್ತಿರ ಹತ್ತಿರ ಅರ್ಧದಷ್ಟು ಮುಚ್ಚಿಹೋಗಿರುತ್ತವೆ. 1967ರಲ್ಲಿ ಕಾಲಿನ ನಾಳದಿಂದ ಬೈಪಾಸ್ ಶುರು ಮಾಡಿದ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರೇ, ಎದೆಯ ಧಮನಿ ಹಾಕಿದವರು ಜಾಸ್ತಿ ವರ್ಷ ಬದುಕುತ್ತಾರೆ ಅಂತ 1986ರಲ್ಲಿ ತೋರಿಸಿದ್ದು.

ಹಾಗಾದರೆ ಬಲಗಡೆಯದನ್ನೂ ತೆಗೆಯಬಹುದಲ್ವಾ ಅಂತ ಕೇಳಿದೆ. ಶುಗರ್ ಇರುವವರಿಗೆ ಎರಡೂ ತೆಗೆದರೆ ಎದೆಮೂಳೆಗೆ ರಕ್ತ ಕಡಿಮೆಯಾಗಿ ಗಾಯಕ್ಕೆ ಸೋಂಕು ತಗಲುವ ಭಯ ಜಾಸ್ತಿ ಅಂದರು. ಉಳಿದದ್ದು ಕೈ. ಆಂಜಿಯೋಗ್ರಾಂ ಬಲಗೈ ಮಣಿಕಟ್ಟಿನಿಂದ ಆಗಿದ್ದರಿಂದ ಅದು ಬೇಡ, ಎಡಗೈ ನೋಡಿದರು. ಅಪ್ಪ ಮುಷ್ಟಿ ಬಿಗಿ ಹಿಡಿದರು, ಸರ್ಜನ್ ಮಣಿಕಟ್ಟಿನ ಎರಡೂ ಕಡೆ ಹೆಬ್ಬೆರಳಿಟ್ಟು ಒತ್ತಿದರು. ಮುಷ್ಟಿ ಬಿಚ್ಚಿದಾಗ ಅಂಗೈ ಸುಣ್ಣದ ಹಾಗೆ ಬಿಳಿ. ಕಿರುಬೆರಳ ಕಡೆ ಒತ್ತಿದ್ದನ್ನು ಬಿಟ್ಟ ತಕ್ಷಣ ಕೆಂಪು ಬಂತು. ಅಂದರೆ ಆ ಒಂದು ನಾಳವೇ ಇಡೀ ಕೈ ಸಾಕುತ್ತದೆ, ಇನ್ನೊಂದನ್ನು ತೆಗೆಯಬಹುದು. ಸೂಜಿ ಹಿಡಿಯುವ ಕೈಗೆ ಏನೂ ಆಗಲ್ವಾ ಅಂತ ಅಪ್ಪ ಮೂರು ಸಲ ಕೇಳಿದರು, ಮೂರು ಸಲವೂ ಸಮಾಧಾನವಾಗಿ ಹೇಳಿದರು.

ಕೈಯ ಧಮನಿ ತುಂಬಾ ಮುಚ್ಚಿರುವ ಜಾಗಕ್ಕೇ ಹಾಕಬೇಕಂತೆ. ಹಳೇ ನಾಳದಲ್ಲಿ ಇನ್ನೂ ರಕ್ತ ಚೆನ್ನಾಗಿ ಹರಿಯುತ್ತಿದ್ದರೆ ಇದು ಸೊರಗಿ ಸಣ್ಣದಾಗುತ್ತದೆ. ಅದಕ್ಕೇ ಮೂರನೆಯದಕ್ಕೆ, ಬ್ಲಾಕ್ ಸ್ವಲ್ಪ ಕಡಿಮೆ ಇದ್ದ ಕಡೆಗೆ, ಕಾಲಿನದೇ ಹಾಕಿದರು.

ಬೇಜಾರಾದದ್ದೂ ಇದೆ. ಕಾಲು ಊದುತ್ತದೆ, ಕೂತಾಗ ಮೇಲಿಟ್ಟುಕೊಳ್ಳಿ ಅಂತ ಡಿಸ್ಚಾರ್ಜ್ ದಿನ ಯಾರೂ ಹೇಳಲಿಲ್ಲ. ಮನೆಗೆ ಬಂದ ನಾಲ್ಕನೇ ದಿನ ಪಾದ ಊದಿಕೊಂಡಾಗ ನಾವು ನಡುಗಿ ಹೋದೆವು. ಎಡಗೈ ಹೆಬ್ಬೆರಳ ಬುಡ ಎರಡು ತಿಂಗಳು ಜೋಮು ಹಿಡಿದಂತಿತ್ತು, ಈಗ ಸರಿಯಾಗಿದೆ, ಗುಂಡಿ ಹೊಲಿಯುತ್ತಾರೆ.

ಇನ್ನೊಂದು. ಡಿಸ್ಚಾರ್ಜ್ ಕಾಗದದಲ್ಲಿ ಸುಮ್ನೆ ಮೂರು ಗ್ರಾಫ್ಟ್ (ಜೋಡಿಸಿದ ನಾಳ) ಅಂತ ಬರೆದಿದ್ದರು. ನಾಳೆ ಮತ್ತೆ ಆಂಜಿಯೋಗ್ರಾಂ ಮಾಡುವವರಿಗೆ ಯಾವುದು ಎಲ್ಲಿಗೆ ಸೇರಿದೆ ಅಂತ ಗೊತ್ತಾಗಬೇಕಲ್ವಾ? ಹಟ ಹಿಡಿದು ಕೂತು ಬರೆಸಿಕೊಂಡೆ. ನೀವೂ ಬಿಡಬೇಡಿ. ಅದರ ಜೆರಾಕ್ಸ್ ಒಂದು ಅಪ್ಪನ ಮಾತ್ರೆ ಡಬ್ಬಿಯಲ್ಲೇ ಇದೆ.